ಅಮ್ಮ ತೂಗುಹಾಕಿಸಿದ ಬೋರ್ಡು

ವರ್ಡಾಳ ಅಡುಗೆಮನೆಯಲ್ಲಿ ಚೀಟಿಗಳಿಗೇನೂ ಬರವಿರಲಿಲ್ಲ. ಸಿಂಕಿನ ಮೇಲೆ 'ಕುಡಿದ ಲೋಟ ತೊಳೆದಿಡುವುದು', ಹಿತ್ತಿಲ ಬಾಗಿಲಲ್ಲಿ 'ಮಣ್ಣಿನ ಬೂಟು ಹೊರಗೆ', ಫ್ರಿಜ್ಜಿನ ಮೇಲೆ 'ಒಳಗಿರುವ ಪೈ ಚರ್ಚಿನದು, ಕೈ ಹಾಕಬೇಡಿ'. ಮೂವತ್ತನಾಲ್ಕು ವರ್ಷ ಇವುಗಳ ನಡುವೆ ಬಾಳಿದ ಗಂಡ ಎಲ್ಡನ್, "ಈ ಮನೇಲಿ ನನ್ನ ಹಣೆ ಒಂದೇ ಖಾಲಿ ಉಳಿದಿರೋದು ಕಣೇ, ಅದಕ್ಕೂ ಏನಾದ್ರೂ ಅಂಟಿಸ್ಬಿಡು" ಎಂದು ನಗುತ್ತಿದ್ದ.

ಅವಳೊಬ್ಬಳನ್ನೇ ಅಂದು ಫಲವೇನು? ಆ ಗೋಧಿ ಬಯಲಿನ ಊರೇ ಹಾಗೆ. ಹೆದ್ದಾರಿಯುದ್ದಕ್ಕೂ ನರಕದ ಎಚ್ಚರಿಕೆಯ ಫಲಕಗಳು, ಚರ್ಚಿನ ಅಂಗಳದಲ್ಲಿ ವಾರಕ್ಕೊಂದು ಬುದ್ಧಿಮಾತು, ಚುನಾವಣೆ ಬಂತೆಂದರೆ ಮನೆಮನೆಯ ಹುಲ್ಲಿನಲ್ಲೂ ಒಂದೊಂದು ಬೋರ್ಡು. ಎದುರಿಗೆ ಕೂತು ಕೇಳುವುದಕ್ಕೆ ಮಾತ್ರ ಯಾರಿಗೂ ನಾಲಿಗೆ ಏಳದು. ಊಟದ ಮೇಜಿನಲ್ಲಿ ಯಾರದಾದರೂ ಮುಖ ಬಾಡಿದ್ದು ಕಂಡರೆ "ಆಲೂಗಡ್ಡೆ ಈ ಕಡೆ ಕೊಡು" ಎಂದು ಮಾತು ತಿರುಗಿಸುವುದೇ ಅಲ್ಲಿ ಮರ್ಯಾದೆ. ಮನಸ್ಸಿನಲ್ಲೇನಿದೆ ಎಂದು ಕೇಳಿದರೆ ಮೂಗು ತೂರಿಸಿದ ಹಾಗೆ. ಅದನ್ನೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹೊಡೆದರೆ ಪರೋಪಕಾರ. ಈ ಪದ್ಧತಿಯಿಂದ ಎಷ್ಟು ಮನೆ ನೊಂದವೋ ದೇವರೇ ಬಲ್ಲ. ವರ್ಡಾಳ ಮನೆ ಅವುಗಳಲ್ಲೊಂದು.

ಎರಡು ವರ್ಷದ ಹಿಂದೆ ಆ ರಾಜ್ಯದಲ್ಲಿ ಹೊಸ ಕಾನೂನು ಬಂತು. ಗರ್ಭ ತೆಗೆಸುವ ಮಾತ್ರೆ ಕೊಡುವ ಪ್ರತಿ ಕಡೆಯೂ ರೋಗಿಗಳ ಕಣ್ಣಿಗೆ ಬೀಳುವಂತೆ ಒಂದು ಸೂಚನೆ ತೂಗುಹಾಕಬೇಕು. ಈ ಔಷಧಿ ಎರಡು ಮಾತ್ರೆಯದು, ಎರಡನೆಯದನ್ನು ಮರುದಿನ ನುಂಗಬೇಕು. 'ಮೊದಲ ಮಾತ್ರೆ ನುಂಗಿದ ಮೇಲೂ ಮನಸ್ಸು ಬದಲಾದರೆ ಅದರ ಪರಿಣಾಮವನ್ನು ಹಿಂದಕ್ಕೆ ತಿರುಗಿಸಲು ಸಾಧ್ಯವಾಗಬಹುದು' ಎಂಬುದು ಅದರ ಸಾರ. ಕೆಳಗೆ ಒಂದು ಫೋನ್ ನಂಬರು. ಈ ಕಾನೂನಿಗಾಗಿ ಮನೆಮನೆ ಸುತ್ತಿ ಸಹಿ ಸಂಗ್ರಹಿಸಿದ್ದು ಚರ್ಚಿನ ಹೆಂಗಸರು. ಅವರಲ್ಲಿ ವರ್ಡಾಳೇ ಮುಂದು. ಆ ಒಕ್ಕಣೆಯ ಒಂದು ಪ್ರತಿ ತಿಂಗಳುಗಟ್ಟಲೆ ಅವಳ ಫ್ರಿಜ್ಜಿನ ಮೇಲಿತ್ತು. ಇದಕ್ಕೆ ಆಧಾರ ಸಾಲದೆಂದು ಪಕ್ಕದೂರಿನ ವೈದ್ಯರು ಪತ್ರಿಕೆಗೆ ಬರೆದಾಗ ಅವಳಿಗೆ ಒಂದಿಷ್ಟು ಅಳುಕಾದದ್ದು ನಿಜ. ಗೆಳತಿ ಆರ್ಡಿತ್ ಅದನ್ನು ಅಲ್ಲಿಗೇ ಚಿವುಟಿದಳು. "ಅಯ್ಯೋ ಬಿಡೇ! ಒಂದು ಕೂಸು ಉಳಿದ್ರೂ ಸಾಕು. ಪುಣ್ಯದ ಕೆಲಸಕ್ಕೆ ಡಾಕ್ಟರ ಚೀಟಿ ಬೇಕಾ?"

ವರ್ಡಾ ಮತ್ತೆ ಆ ಮಾತೆತ್ತಲಿಲ್ಲ.

ಜೂನ್ ತಿಂಗಳ ಒಂದು ಶುಕ್ರವಾರ, ಕಟಾವಿನ ಭರಾಟೆ. ಎಲ್ಡನ್ ಹೊಲದಲ್ಲಿದ್ದ. ಅವನಿಗೆ ಬುತ್ತಿ ಕಟ್ಟುತ್ತ ನಿಂತಿದ್ದ ವರ್ಡಾಳ ಹಿಂದೆ ಬಾಗಿಲು ಸದ್ದಾಯಿತು. ಒಬ್ಬಳೇ ಮಗಳು ಜೊನೆಲ್. ಊರಾಚೆಯ ಬಾಡಿಗೆ ಮನೆಯಲ್ಲಿರುತ್ತಿದ್ದಳು. ಗಂಡ ಕರ್ಟ್ ಗಾಳಿಯಂತ್ರಗಳ ದುರಸ್ತಿಗೆಂದು ತಿಂಗಳಲ್ಲಿ ಮೂರು ವಾರ ಬೇರೆ ರಾಜ್ಯದಲ್ಲಿ. ಎರಡು ವರ್ಷದ ಹೆಣ್ಣುಮಗು ಟೆಸ್ ತಾಯಿಯ ಕಾಲಿಗೆ ಜೋತುಬಿದ್ದಿತ್ತು. ಟೆಸ್ ಹುಟ್ಟಿದಾಗ ಜೊನೆಲ್ ಆರು ತಿಂಗಳು ಮಂಕಾಗಿ ಗೋಡೆ ನೋಡುತ್ತ ಕೂತಿದ್ದನ್ನು ವರ್ಡಾ ಕಂಡಿದ್ದಳು. ಏನಾಗ್ತಿದೆ ಮಗಳೇ ಎಂದು ಕೇಳಿರಲಿಲ್ಲ. ವಾರಕ್ಕೆರಡು ಸಲ ಬಿಸಿ ಊಟ ಮಾಡಿ ಕಳಿಸಿದ್ದಳು, ಡಬ್ಬಿಯ ಮೇಲೆ 'ಬಿಸಿ ಮಾಡಿ ತಿನ್ನುವುದು' ಎಂದು ಚೀಟಿ ಹಚ್ಚಿ.

"ಅಮ್ಮ, ಬೈಬೇಡ" ಎಂದಳು ಜೊನೆಲ್.

"ಯಾಕೆ ಬೈಲಿ? ಏನಾಯ್ತು?"

"ನಾನು ಬಸುರಿ. ಬಸುರಿಯಾಗಿದ್ದೆ. ಈಗ ಏನೂಂತ ಗೊತ್ತಿಲ್ಲ." ಅವಳು ಕುರ್ಚಿಯಲ್ಲಿ ಕುಸಿದಳು. "ನಿನ್ನೆ ಕ್ಲಿನಿಕ್ಕಿಗೆ ಹೋಗಿ ಮೊದಲ್ನೇ ಮಾತ್ರೆ ತಗೊಂಡೆ. ಎರಡನೇದು ಬ್ಯಾಗಲ್ಲಿದೆ. ಅದನ್ನ ನುಂಗೋಕೆ ನನ್ನ ಕೈಲಿ ಆಗ್ತಿಲ್ಲ ಅಮ್ಮ. ನಂಗೆ ಈ ಮಗು ಬೇಕು."

ವರ್ಡಾ ಕಟ್ಟುತ್ತಿದ್ದ ಬುತ್ತಿಯನ್ನು ಅಲ್ಲೇ ಬಿಟ್ಟಳು. ಬೈಯುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಬೇಕು. ಮಗಳ ಬಿಳಿಚಿದ ಮುಖ ನೋಡಿ ನುಂಗಿಕೊಂಡಳು. ಹತ್ತಿರ ಹೋಗಿ ಅವಳ ತಲೆಯನ್ನು ಎದೆಗೊತ್ತಿಕೊಂಡಳು.

"ಬೇಕಿದ್ರೆ ಯಾಕೆ ತಗೊಂಡೆ ನನ್ನ ತಾಯಿ?"

"ಬೇಕೋ ಬೇಡ್ವೋ ಗೊತ್ತಿರ್ಲಿಲ್ಲಮ್ಮ. ಮತ್ತೆ ಆ ಮಂಕು ಬಂದ್ರೆ ಅಂತ ಹೆದರಿಕೆ. ಕರ್ಟ್‌ನ ಕೇಳಿದ್ರೆ 'ನಿನ್ನಿಷ್ಟ' ಅಂತಾನೆ. ನಿನ್ನ ಕೇಳೋಕೆ ಧೈರ್ಯ ಇಲ್ಲ. ಅಲ್ಲಿ ನರ್ಸು ಎರಡೆರಡು ಸಲ ಕೇಳಿದ್ಲು, ಖಚಿತ ತಾನೇ, ಇಲ್ದಿದ್ರೆ ಇವತ್ತು ಬೇಡ ಅಂತ. ಎದ್ದು ಬರೋಣ ಅಂತಿದ್ದೆ. ಆಗ ಗೋಡೆ ಮೇಲೆ ನಿನ್ನ ಬೋರ್ಡು ಕಾಣಿಸ್ತು."

"ನನ್ನ ಬೋರ್ಡು?"

"ನಮ್ಮ ಫ್ರಿಜ್ಜಿನ ಮೇಲಿತ್ತಲ್ಲ, ಅದೇ ಮಾತು. ಅದನ್ನ ಪೂರ್ತಿ ನಂಬಬೇಡಿ, ಕಾನೂನು ಅಂತ ಹಾಕಿದ್ದೀವಿ ಅಂದ್ಲು ನರ್ಸು. ಅವಳ್ಯಾರೋ, ನೀನು ನಮ್ಮಮ್ಮ. ನೀನು ಯಾವತ್ತು ಸುಳ್ಳು ಹೇಳಿದ್ದೀಯ? ಸರಿ, ಇವತ್ತು ತಗೊಂಡ್ರೂ ನಾಳೆ ತಿರುಗಿಸ್ಬೋದು ಅಂದ್ಕೊಂಡೆ. ಖಚಿತ ಅಂತ ಅವಳಿಗೆ ಸುಳ್ಳು ಹೇಳಿ ನುಂಗ್ಬಿಟ್ಟೆ. ತಿರುಗಿಸಮ್ಮ ಈಗ."

ಆ ನಂಬರು ವರ್ಡಾಳಿಗೆ ಬಾಯಿಪಾಠ. ಫೋನಿನಾಚೆಯ ಹೆಂಗಸು ಒಳ್ಳೆಯ ಮಾತಿನವಳು. ಒಬ್ಬ ವೈದ್ಯರ ವಿಳಾಸ ಕೊಟ್ಟಳು. ಸಂಜೆಯೊಳಗೆ ಜೊನೆಲ್‌ಗೆ ಗರ್ಭ ಉಳಿಸುತ್ತವೆಂಬ ಹಾರ್ಮೋನು ಮಾತ್ರೆಗಳು ಸಿಕ್ಕವು. ಮಗಳನ್ನು ತನ್ನ ಕೋಣೆಯಲ್ಲೇ ಮಲಗಿಸಿ, ಟೆಸ್‌ಗೆ ಉಣಿಸಿ, ವರ್ಡಾ ಹೊರಗೆ ಬಂದು ನಿಂತಾಗ ಅವಳಿಗೆ ಅಳುವಿನ ಜೊತೆಗೆ ಹೆಮ್ಮೆಯೂ ಒತ್ತಿಬಂತು. ತಾನು ಹಾಕಿಸಿದ ಬೋರ್ಡು ತನ್ನ ಮೊಮ್ಮಗುವನ್ನೇ ಉಳಿಸಿತಲ್ಲ! ಬಾಯಿ ತಡೆಯಲಾರದೆ ಆರ್ಡಿತ್‌ಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಜೊನೆಲ್ ಎದ್ದು ನಿಂತವಳು ಹಾಗೇ ಮೇಜು ಹಿಡಿದಳು. ಕುರ್ಚಿಯ ಮೇಲೆ ರಕ್ತ. ಬಚ್ಚಲಿನವರೆಗೂ ರಕ್ತ. ವರ್ಡಾ ಟವೆಲ್ ಮೇಲೆ ಟವೆಲ್ ತಂದಳು; ಯಾವುದೂ ಸಾಲಲಿಲ್ಲ. ಎಲ್ಡನ್ ಹೊಲದಿಂದ ಓಡಿಬಂದು ಮಗಳನ್ನು ಎತ್ತಿ ಟ್ರಕ್ಕಿನಲ್ಲಿ ಮಲಗಿಸಿ, ಟೆಸ್‌ಳನ್ನು ತನ್ನ ಪಕ್ಕ ಕೂರಿಸಿಕೊಂಡ. ಆಸ್ಪತ್ರೆಗೆ ನಲವತ್ತು ಮೈಲಿ. ದಾರಿಯುದ್ದಕ್ಕೂ ವರ್ಡಾಳ ತೊಡೆಯ ಮೇಲೆ ತಲೆಯಿಟ್ಟು ಜೊನೆಲ್, "ಉಳಿಯುತ್ತೆ ಅಲ್ವಾಮ್ಮ? ಬೋರ್ಡಲ್ಲಿ ಹಾಗೇ ಇತ್ತಲ್ವಾ?" ಎಂದು ಕೇಳುತ್ತಲೇ ಇದ್ದಳು.

ಜೊನೆಲ್ ಉಳಿದಳು, ಬೇರೆಯವರ ರಕ್ತ ಏರಿಸಿಕೊಂಡು. ಮಗು ಉಳಿಯಲಿಲ್ಲ.

ಅಲ್ಲಿಯ ವೈದ್ಯೆ ನಡುವಯಸ್ಸಿನವಳು. ವರ್ಡಾಳ ಪಕ್ಕದ ಬೆಂಚಿನಲ್ಲಿ ಕೂತು ಮೆಲ್ಲಗೆ ಹೇಳಿದಳು: "ನೋಡಿ ಅಮ್ಮ, ಈ ಔಷಧಿ ಅರ್ಧಕ್ಕೆ ನಿಲ್ಲಿಸಿದ್ರೆ ಕೆಲವರಿಗೆ ಹೀಗೆ ವಿಪರೀತ ರಕ್ತ ಹೋಗ್ಬೋದು. ಕೆಲವರಿಗೆ ಗರ್ಭ ತಾನಾಗೇ ಉಳಿಯೋದೂ ಉಂಟು. ಆದ್ರೆ ತಿರುಗಿಸ್ಬೋದು ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ನಮಗೆ ಗೊತ್ತಿಲ್ಲ ಅನ್ನೋದೇ ಸತ್ಯ."

"ಗೊತ್ತಿಲ್ಲ ಅಂತ ಬೋರ್ಡಲ್ಲಿ ಬರೀಬೋದಿತ್ತಲ್ಲ" ಎಂದಳು ವರ್ಡಾ.

"ಅದನ್ನ ಬರೆದವರು ನಾವಲ್ಲವಲ್ಲ" ಎಂದಳು ವೈದ್ಯೆ.

ವರ್ಡಾ ತಲೆತಗ್ಗಿಸಿದಳು.

ಬೇಸಿಗೆ ಕಳೆದು ಚಳಿಗಾಲ ಬಂತು. ಅದೇ ಸೂಚನೆಯನ್ನು ಇನ್ನೂ ದೊಡ್ಡ ಅಕ್ಷರದಲ್ಲಿ, ಔಷಧದಂಗಡಿಗಳಲ್ಲೂ ಹಾಕಿಸಬೇಕೆಂದು ಶಾಸನಸಭೆಯ ಮುಂದೆ ಮಸೂದೆ ಬಂದಿತ್ತು. ಅದರ ಪರ, ವಿರೋಧ ಜನರ ಹೇಳಿಕೆ ಕೇಳಲು ಒಂದು ಸಭೆಯೂ ಗೊತ್ತಾಗಿತ್ತು. ಆರ್ಡಿತ್ ಒಂದು ಬೆಳಿಗ್ಗೆ ಬಂದು ಕಾಫಿಗೆ ಕೂತಳು.

"ಸಾಕ್ಷಿ ಹೇಳೋರ ಪಟ್ಟೀಲಿ ನಿನ್ನ ಹೆಸರು ಬರೆಸಿದ್ದೀನಿ. ಮಗಳು ಬೋರ್ಡು ಓದಿ ಮನಸ್ಸು ಬದಲಾಯಿಸಿದ್ಲು ಅನ್ನು, ಅಷ್ಟೇ ಸಾಕು."

"ಆಮೇಲಿನದು?"

"ಆಮೇಲಿನದು ದೇವರಿಚ್ಛೆ. ಮನೆ ಗುಟ್ಟು ಸಭೇಲಿ ಯಾಕೆ?"

"ಬೋರ್ಡು ಇಲ್ದಿದ್ರೆ ಅವಳು ಆವತ್ತು ಎದ್ದು ಬರ್ತಿದ್ಲು, ಆರ್ಡಿತ್. ತಗೊಳ್ತಾನೇ ಇರ್ಲಿಲ್ಲ."

"ಹಾಗಂತ ನಿಂಗ್ಯಾರು ಹೇಳಿದ್ರು? ನಲವತ್ತು ವರ್ಷದ ಸ್ನೇಹ ನಮ್ದು. ಈಗ ಹೋಗಿ ಆ ಕಡೆಯವರ ಜೊತೆ ಸೇರ್ತೀಯಾ?"

"ನಾನು ಯಾವ ಕಡೇನೂ ಸೇರಿಲ್ಲ. ಹುಟ್ಟೋ ಪ್ರತಿ ಕೂಸಿಗೂ ಇವತ್ತೂ ಪ್ರಾರ್ಥನೆ ಮಾಡ್ತೀನಿ. ಆದ್ರೆ ನಿಜವೋ ಸುಳ್ಳೋ ಗೊತ್ತಿಲ್ದಿದ್ದನ್ನ ಗೋಡೆಗೆ ಹಾಕಿಸಿದ್ನಲ್ಲ, ಅದು ನನ್ನ ತಪ್ಪು."

ಆರ್ಡಿತ್ ಕಾಫಿ ಮುಗಿಸದೆ ಎದ್ದುಹೋದಳು.

ಅಂದು ಮಧ್ಯಾಹ್ನವೇ ವರ್ಡಾ ಮಗಳ ಮನೆಗೆ ಹೋದಳು. ಜೊನೆಲ್ ಬಟ್ಟೆ ಮಡಚುತ್ತಿದ್ದಳು. ವರ್ಡಾ ಎದುರಿಗೆ ಕೂತು, ಅವಳ ಕೈಯೊಳಗಿನ ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು.

"ನಿನ್ನ ಮನಸ್ಸಲ್ಲಿ ಏನಿದೆ ಮಗಳೇ?"

ಮಗಳು ಹುಟ್ಟಿದ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ. ಜೊನೆಲ್ ಕಕ್ಕಾಬಿಕ್ಕಿಯಾಗಿ ನೋಡಿದಳು. ಆಮೇಲೆ ಅತ್ತಳು, ಒಂದು ಗಂಟೆ ಮಾತಾಡಿದಳು. ವರ್ಡಾ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದಳು: "ಇದನ್ನ ಸಭೇಲಿ ಹೇಳ್ಲಾ? ಬೇಡ ಅಂದ್ರೆ ಹೋಗೋದೇ ಇಲ್ಲ."

"ಹೇಳು. ನನ್ನ ಹೆಸರೂ ಹೇಳು ಅಮ್ಮ. ಯಾರೋ ಒಬ್ಬಳು ಅಂದ್ರೆ ಯಾರೂ ಕೇಳಲ್ಲ. ನಾನೂ ಬರ್ತೀನಿ."

ರಾಜಧಾನಿಯ ಆ ಸಭಾಂಗಣದಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ಅಧ್ಯಕ್ಷರು ಪಟ್ಟಿ ನೋಡಿ, "ನೀವು ಮಸೂದೆಯ ಪರ ಅಂತ ಇದೆ" ಎಂದರು.

"ತಪ್ಪಾಗಿದೆ ಸ್ವಾಮಿ. ದಯವಿಟ್ಟು ತಿದ್ದಿಕೊಳ್ಳಿ."

ಹಿಂದಿನ ಸಾಲಿನಲ್ಲಿ ಚರ್ಚಿನ ಹೆಂಗಸರು ಪಿಸಪಿಸ ಎಂದರು. ವರ್ಡಾ ಮೈಕನ್ನು ಹತ್ತಿರಕ್ಕೆಳೆದುಕೊಂಡಳು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು: ಸಹಿ ಸಂಗ್ರಹಿಸಿದ್ದು, ವೈದ್ಯರ ಪತ್ರ ಓದಿ ಸುಮ್ಮನಾದದ್ದು, ಮಗಳು ನಂಬಿದ್ದು, ಟ್ರಕ್ಕಿನಲ್ಲಿ ಅವಳು ಕೇಳಿದ್ದು.

ಒಬ್ಬ ಸದಸ್ಯರು ಕೇಳಿದರು: "ಹಾಗಾದರೆ ಅಲ್ಲಿ ಏನು ಬರೆಯಬೇಕು ಅನ್ನುತ್ತೀರಿ ಅಮ್ಮ?"

"ಬರೀಲೇಬೇಕು ಅಂದ್ರೆ ಇಷ್ಟು ಬರೀರಿ. ಖಚಿತ ಇಲ್ದಿದ್ರೆ ಇವತ್ತು ನುಂಗಬೇಡಮ್ಮ. ಮನೆಗೆ ಹೋಗು. ನಿಮ್ಮಮ್ಮನ ಹತ್ರ ಕೂತು ಮಾತಾಡು." ಅವಳು ಹಿಂದಿನ ಸಾಲಿನಲ್ಲಿದ್ದ ಮಗಳ ಕಡೆ ತಿರುಗಿ ನೋಡಿದಳು. "ಆದ್ರೆ ಆ ಅಮ್ಮ ನನ್ನಂಥವಳಾಗಿದ್ರೆ ಆ ಹುಡುಗಿ ಎಲ್ಲಿಗೆ ಹೋಗ್ಬೇಕು ಸ್ವಾಮಿ? ಅದನ್ನ ಯಾವ ಬೋರ್ಡಲ್ಲಿ ಬರೀತೀರಿ?"

ಸಮಯ ಮುಗಿದ ಗಂಟೆ ಹೊಡೆಯಿತು. ಅಧ್ಯಕ್ಷರು ಮುಂದಿನ ಹೆಸರು ಕರೆಯಲಿಲ್ಲ. ಹಿಂದಿನ ಸಾಲಿನಿಂದ ಜೊನೆಲ್ ಎದ್ದು, ಆ ಹೆಂಗಸರನ್ನೆಲ್ಲ ದಾಟಿಕೊಂಡು ಮುಂದೆ ಬಂದು, ಅಮ್ಮನ ಪಕ್ಕದಲ್ಲಿ ನಿಂತಳು.