ವಸಿಷ್ಠನ ಮಗ್ಗುಲಲ್ಲಿ

ಮಟಮಟ ಮಧ್ಯಾಹ್ನ ಮದುಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ, "ಅರುಂಧತಿ ಕಂಡಳು" ಎಂದು ಅವರ ಬಾಯಿಂದ ಹೇಳಿಸುವ ಪುರೋಹಿತರನ್ನು ಕಂಡರೆ ಶ್ರೀನಿವಾಸರಾಯರಿಗೆ ಮೈಯೆಲ್ಲ ಉರಿ. ಸರ್ವೇ ಖಾತೆಯಲ್ಲಿ ಮೂವತ್ತು ವರ್ಷ ನಕಾಶೆ ಬರೆದ ಮನುಷ್ಯ. ನಾರಾಯಣಗೂಡದ ಮನೆಯ ಮಾಳಿಗೆ ಮೇಲೆ ಮಗಳು ಮಂದಾಕಿನಿಗೆ ಅಕ್ಷರಕ್ಕಿಂತ ಮೊದಲು ಸಪ್ತರ್ಷಿಗಳನ್ನು ಕಲಿಸಿದ್ದರು. ಯಾರಾದರೂ ಶುಕ್ರನನ್ನು ಗುರು ಎಂದರೆ ಊಟ ಬಿಟ್ಟು ಎದ್ದು ಜಗಳಕ್ಕೆ ನಿಲ್ಲುವರು.

ಅವಳ ಮದುವೆಯಲ್ಲೂ ಹಟ ಹಿಡಿದರು. ಎಂಬತ್ತಾರನೇ ಇಸವಿಯ ವೈಶಾಖ, ದಿಲ್‌ಸುಖ್‌ನಗರದ ಫಂಕ್ಷನ್ ಹಾಲು. ಹನ್ನೊಂದಕ್ಕೇ ತಾಳಿ ಬಿತ್ತು. "ಅರುಂಧತಿನೂ ಈಗ ತೋರ್ಸಿ ಮುಗಸ್ರಿ, ಕತ್ತಲಾಗೋ ತನಕ ಯಾಕ?" ಎಂದು ವರನ ತಾಯಿ ಸುಂದರಾಬಾಯಿ ಮೂರು ಸಲ ಹೇಳಿದರು.

"ಸುಳ್ಳಿನಿಂದ ಸಂಸಾರ ಸುರು ಆಗಬಾರದ್ರಿ," ಎಂದರು ರಾಯರು. ಮಂದಾಕಿನಿಗೆ ಅಪ್ಪನ ಬಗ್ಗೆ ಎಂಥ ಹೆಮ್ಮೆ!

ಕತ್ತಲಾದ ಮೇಲೆ ಎಲ್ಲರೂ ಮಾಳಿಗೆ ಹತ್ತಿದರು. ವರ ಜಯತೀರ್ಥ ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವುತ್ತ ಬಂದ. ತಾಯಿ ಅವನ ಮೊಳಕೈ ಬಿಡಲೇ ಇಲ್ಲ.

ಉತ್ತರಕ್ಕೆ ವಸಿಷ್ಠ ಢಾಳಾಗಿ ಹೊಳೆಯುತ್ತಿದ್ದ. "ಮೊದಲ ಆ ದೊಡ್ಡ ಚಿಕ್ಕಿ ನೋಡ್ರಿ, ಅಂವ ವಸಿಷ್ಠ. ಮಗ್ಗಲಾಗ ಸಣ್ಣಾಕಿ ಅರುಂಧತಿ. ಹೆಂಡತಿಗೆ ತೋರಸ್ರಿ," ಎಂದರು ಆಚಾರ್ಯರು.

ಜಯತೀರ್ಥ ಗರಕ್ಕನೆ ದಕ್ಷಿಣಕ್ಕೆ ತಿರುಗಿ ಬೆರಳೆತ್ತಿದ. "ಕಂಡಿತ್ರಿ. ಭಾಳ ಛಂದ ಹೊಳೀಲಿಕ್ಹತ್ತದ."

ಅದು ನೀರಿನ ಟಾಕಿ ಮೇಲೆ ಹಾಕಿದ್ದ ಬಲ್ಬು.

ಇರುಳುಗಣ್ಣು! ಹೆಣ್ಣು ನೋಡಲು ಬಂದದ್ದು ಬೆಳಿಗ್ಗೆ, ನಿಶ್ಚಯವಾದದ್ದು ಮಧ್ಯಾಹ್ನ. ಲಿಂಗಂಪಲ್ಲಿಯ ಕಾರ್ಖಾನೆಯಲ್ಲಿ ಮಗನಿಗೆ ಹಗಲು ಪಾಳಿಯೊಂದೇ ಎಂದು ತಾಯಿ ಕೊಚ್ಚಿಕೊಂಡದ್ದೂ ಮಂದಾಕಿನಿಗೆ ನೆನಪಾಯಿತು. ಮುಚ್ಚಿಟ್ಟು ತಾಳಿ ಕಟ್ಟಿಸಿದ್ದರು. ಇರಲಿ, ಅಪ್ಪ ಇದ್ದಾರೆ, ಈಗ ಬಾಯಿ ಬಿಡುತ್ತಾರೆ ಎಂದುಕೊಂಡಳು.

ರಾಯರು ಅಳಿಯನ ಬೆರಳು ನೋಡಿದರು, ಬಲ್ಬು ನೋಡಿದರು, ಮಗಳ ಕೊರಳು ನೋಡಿದರು. ಸುತ್ತ ನೆರೆದ ಬಳಗದ ಮೇಲೂ ಒಮ್ಮೆ ಕಣ್ಣಾಡಿಸಿದರು.

"ಬರೋಬರಿ ಅದ, ಅಳಿಯಂದ್ರ," ಎಂದರು.

ಈ ಸುಳ್ಳನ್ನು ಬೇರೆ ಯಾರು ಹೇಳಿದ್ದರೂ ಮಂದಾಕಿನಿ ತಡೆದುಕೊಳ್ಳುತ್ತಿದ್ದಳು. ಅಪ್ಪನ ಬಾಯಿ ಬಿಡಿಸಿಯೇ ತೀರುತ್ತೇನೆಂದು, ಆಚಾರ್ಯರು ಅವಳನ್ನು ಕೇಳಿದಾಗ ಗಂಡನ ಬೆರಳಿನ ಕಡೆಗೇ ನೋಡಿ, "ನನಗ ಅಲ್ಲಿ ಯಾವ ಚಿಕ್ಕೀನೂ ಕಾಣವಲ್ದು," ಎಂದಳು.

ಅರುಂಧತಿ ಕಾಣದವರು ಆರು ತಿಂಗಳು ಬದುಕುವುದಿಲ್ಲವೆಂಬ ನಂಬಿಕೆ. ಹೆಂಗಸರಲ್ಲಿ ಗುಸುಗುಸು ಎದ್ದಿತು. ಸುಂದರಾಬಾಯಿಗೆ ಅಷ್ಟೇ ಸಾಕಾಯಿತು.

"ಏನ್ರೀ ರಾಯರ, ಹುಡುಗಿ ಕಣ್ಣಾಗ ಐಬು ಅದ ಅಂತ ಮೊದಲ ಹೇಳಬಾರದಿತ್ತೇನ್ರಿ? ಮುಚ್ಚಿಟ್ಟು ನಮ್ಮ ಕೊರಳಿಗೆ ಕಟ್ಟಿದ್ರಿ?"

ಮಂದಾಕಿನಿ ಅಪ್ಪನನ್ನೇ ನೋಡುತ್ತ ನಿಂತಳು. ರಾಯರು ಬೀಗತಿಯ ಮುಂದೆ ಎರಡೂ ಕೈ ಜೋಡಿಸಿದರು.

"ತಪ್ಪಾತ್ರಿ ಬಾಯಾರ," ಎಂದರು. "ಸಣ್ಣಾಕಿ ಇದ್ದಾಗಿಂದ ಆಕಿ ಕಣ್ಣು ಹಂಗ ಅವ. ನೀವು ದೊಡ್ಡವರು, ಹೊಟ್ಟ್ಯಾಗ ಹಾಕ್ಕೋರಿ."