ನಾಲ್ಕನೇ ಬೆಡ್ಡಿನ ಉಡಚವ್ವ

ರಕ್ತದ ಚೀಲ ಫ್ರಿಜ್ಜಿನಿಂದ ಹೊರಬಂದು ಹನ್ನೆರಡು ನಿಮಿಷವಾಗಿತ್ತು. ಅರ್ಧ ತಾಸಿನೊಳಗೆ ಏರಿಸಲು ಶುರುಮಾಡಬೇಕು. ನಾನು ಮಾತ್ರ ನಾಲ್ಕನೇ ಬೆಡ್ಡಿನ ಮುಂದೆ ಕೇಸ್‌ಪೇಪರು ಹಿಡಿದು, ಅರವತ್ತು ದಾಟಿದ ಹೆಣ್ಣುಮಗಳ ಬಾಯಿಂದ ಅವಳ ಗಂಡನ ಹೆಸರು ಹೊರಡಿಸಲು ಒದ್ದಾಡುತ್ತಿದ್ದೆ.

"ಯವ್ವಾ, ನಿಮ್ಮ ಹೆಸರು?"

"ಉಡಚವ್ವ."

"ಮನಿಯವರ ಹೆಸರು?"

"ಅದರಾಗ ಬರದಿಲ್ಲೇನು?"

"ಬರದೈತ್ರಿ. ನಿಮ್ಮ ಬಾಯಿಂದ ಕೇಳಬೇಕು."

"ಬರದದ್ದನ್ನ ಮತ್ತ್ಯಾಕ ಕೇಳತಿ? ನಿನಗ ಓದಾಕ ಬರೂದಿಲ್ಲೇನು?"

ಇಡೀ ವಾರ್ಡು ನಕ್ಕಿತು. ನನ್ನ ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದ ಮುಸ್ಕಾನ್ ಕೂಡ ನಕ್ಕಳು. ರಕ್ತ ಏರಿಸುವಾಗ ಇಬ್ಬರು ನರ್ಸುಗಳು ಜೊತೆಗಿದ್ದು ನೋಡಬೇಕೆಂಬ ನಿಯಮಕ್ಕಾಗಿ ಅವಳನ್ನು ಮೇಲಿನ ವಾರ್ಡಿನಿಂದ ಕರೆಸಿದ್ದೆ. ನಿಯಮದ ಇನ್ನೊಂದು ಭಾಗವೇ ಈ ರಗಳೆ. ಪೇಷಂಟು ತನ್ನ ಹೆಸರನ್ನೂ ಗಂಡನ ಇಲ್ಲವೇ ತಂದೆಯ ಹೆಸರನ್ನೂ ತಾನೇ ಹೇಳಬೇಕು. ನಾವು ಹೇಳಿಕೊಡಕೂಡದು. ಗೋಕುಲ ರಸ್ತೆಯ ನಮ್ಮ ಆಸ್ಪತ್ರೆಗೆ ಈ ನಿಯಮ ಬರೆದುಕೊಟ್ಟ ಪುಣ್ಯಾತ್ಮ ಯಾರೋ, ಅವನ ಮನೆಯಲ್ಲಿ ಅಜ್ಜಿ ಇದ್ದಿರಲಿಕ್ಕಿಲ್ಲ.

ಮಾಳಮಡ್ಡಿಯ ನನ್ನ ಅಜ್ಜಿ ಐವತ್ತು ವರ್ಷ ಅಜ್ಜನನ್ನು "ಇವರು" ಎಂದೇ ಕರೆದವಳು. ರೇಶನ್ ಕಾರ್ಡಿನವನು ಮನೆಗೆ ಬಂದು ಯಜಮಾನರ ಹೆಸರು ಕೇಳಿದಾಗ ಅವಳು ಮೊದಲು ಅವನಿಗೆ ನೀರು ಕೊಟ್ಟಳು. ಆಮೇಲೆ ಒಡಪು ಹಾಕಿದಳು. ಎರಡು ಸಾಲಿನ ಪ್ರಾಸದೊಳಗೆ ಗಂಡನ ಹೆಸರನ್ನು ಅಡಗಿಸಿ ಇಟ್ಟು ಹೇಳುವ ಪದ್ಧತಿ ಅದು. ಹಾಗೆ ಹೇಳಿದರೆ ಹೆಸರು ಹಿಡಿದ ದೋಷ ತಟ್ಟುವುದಿಲ್ಲ. ರೇಶನ್ ಕಾರ್ಡಿನವನು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಿದ್ದ.

ಅವನ ಹತ್ತಿರ ಪುರಸೊತ್ತಿತ್ತು. ನನ್ನ ಹತ್ತಿರ ಇರಲಿಲ್ಲ.

"ಮಾಯಾ! ಏನ್ ನಡಸೀರಿ ಇಲ್ಲಿ? ಲಗ್ನದ ಮನ್ಯಾಗ ಹೆಸರ ಹೇಳಸಾಕತ್ತೀರೇನು?"

ರಜನಿ ಸಿಸ್ಟರ್ ಬಂದರು. ಹೆಂಗಸರ ವಾರ್ಡಿನ ಮುಖ್ಯಸ್ಥೆ. ನನ್ನ ಆರು ತಿಂಗಳ ಪ್ರೊಬೇಶನ್ನು ಬರುವ ಶನಿವಾರ ಮುಗಿಯುತ್ತದೆ, ನೌಕರಿ ಕಾಯಂ ಆಗಲು ಇವರ ಸಹಿ ಬೇಕು. ಇವರ ವಹಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಸಲ "ನಿಧಾನ" ಎಂದೂ, ಒಂದು ಸಲ "ಲಕ್ಷ್ಯ ಎಲ್ಲೋ ಇರುತ್ತದೆ" ಎಂದೂ ಬರೆದದ್ದನ್ನು ನಾನು ಕದ್ದು ಓದಿದ್ದೆ.

"ಹೇಳವಲ್ರು ಸಿಸ್ಟರ್."

"ಕೈಪಟ್ಟಿ ನೋಡು."

"ಕೈಯಾಗಿಲ್ರಿ. ಬೆಡ್ಡಿಗಿ ಕಟ್ಯಾರ."

ಸಿಸ್ಟರ್ ಬಗ್ಗಿ ನೋಡಿದರು. ಪೇಷಂಟಿನ ಹೆಸರು, ನಂಬರು ಇರುವ ಪಟ್ಟಿ ಮಂಚದ ಕಬ್ಬಿಣದ ಸರಳಿಗೆ ಅಂದವಾಗಿ ಗಂಟು ಹಾಕಿಸಿಕೊಂಡು ಕೂತಿತ್ತು.

"ಬಳಿಗಿ ಸಿಕ್ಕೊತಾವ್ರಿ ಅವು," ಉಡಚವ್ವ ಸಮಾಧಾನದಿಂದ ಹೇಳಿದಳು. "ಎಲ್ಲಾರೂ ಹಂಗ ಕಟ್ಟೇವಿ. ಕಳೀಬಾರದಲ್ಲರಿ ಮತ್ತ."

"ಕಟ್ರಿ, ಕಟ್ರಿ. ಔಷಧ ಸೈತ ಮಂಚಕ್ಕ ಕುಡಸ್ತೇವಿ." ಸಿಸ್ಟರ್ ನನ್ನ ಕಡೆ ತಿರುಗಿದರು. "ಮುಂಜಾನೆ ಸ್ಯಾಂಪಲ್ ತಗದಾಕಿ ನೀನ ಹೌದಿಲ್ಲೋ? ಆವಾಗ ಹ್ಯಾಂಗ ಹೇಳಿದ್ರು?"

"ಆವಾಗ... ಹೇಳಿದ್ರು ಸಿಸ್ಟರ್."

ಹೇಳಿರಲಿಲ್ಲ. ಮುಂಜಾನೆ ಏಳಕ್ಕೆ, ರವಿವಾರದ ರಜೆ ಮುಗಿಸಿ ಬಂದವಳು ಗಡಿಬಿಡಿಯಲ್ಲಿದ್ದೆ. ಆಗಲೂ ಇದೇ ನಾಚಿಕೆ, ಇದೇ ಸೆರಗು ಬಾಯಿಗೆ. ಕೊನೆಗೆ ಬೇಸತ್ತು ನಾನೇ, "ಅರ್ಜುನಪ್ಪ, ಹೌದಲ್ಲರಿ?" ಎಂದಿದ್ದೆ. ಅವಳು ನಕ್ಕು ತಲೆ ಅಲ್ಲಾಡಿಸಿದ್ದಳು. ಸೂಜಿ ಚುಚ್ಚಿ, ನಳಿಕೆ ತುಂಬಿ, ಅರ್ಜುನಪ್ಪನ ಹೆಂಡತಿ ಉಡಚವ್ವ ಎಂದು ಚೀಟಿ ಅಂಟಿಸಿ ಕಳಿಸಿದ್ದೆ. ಆ ರಕ್ತಕ್ಕೆ ಹೊಂದಿಸಿಯೇ ಈ ಚೀಲ ಬಂದದ್ದು.

"ಹಂಗಾರ ಮತ್ತೊಮ್ಮೆ ಹೇಳಸು. ಹದಿನೈದು ನಿಮಿಷ ಆತು."

ಈಗಲೂ ಮುಂಜಾನೆಯಂತೆಯೇ ಮಾಡಿಬಿಡಬಹುದಿತ್ತು. ಮುಸ್ಕಾನ್, ಸಿಸ್ಟರ್ ಇಬ್ಬರೂ ಎದುರಿಗೇ ಇದ್ದರು, ಅದಕ್ಕೇ ಬಾಯಿ ಬರಲಿಲ್ಲ.

"ಯವ್ವಾ, ಕೈ ಮುಗೀತೇನಿ. ಒಡಪ ಹಾಕಿನರ ಹೇಳ್ರಿ."

"ಹಂಗ ಕೇಳು ಮತ್ತ! ಬರೇ ಹೆಸರ ಹೇಳು ಅಂದ್ರ ನಾಲಿಗಿ ಹೆಂಗ ಏಳತೈತಿ? ಆದ್ರ ಲಗೂನ ನೆನಪಾಗೂದಿಲ್ಲ ತಂಗಿ. ನೀ ಹಿಂಗ ಮಾರಿ ಗಂಟ ಹಾಕ್ಕೊಂಡ ನಿಂತಿ ಅಂದ್ರ ಇದ್ದದ್ದೂ ಮರೀತೈತಿ."

ನಾನು ಸ್ಟೂಲು ಎಳೆದು ಕೂತೆ.

"ಕುಂತ್ಯಾ? ಭಾಳ ಛಲೋ ಆತು," ಎಂದರು ರಜನಿ ಸಿಸ್ಟರ್. "ಚಾ ತರಸಲೇನು?"

ಅಜ್ಜಿ ಯಾವಾಗಲೂ ಒಡಪನ್ನು ಹಿತ್ತಲಿನಿಂದಲೇ ಶುರುಮಾಡುತ್ತಿದ್ದಳು. ನಾನೂ ಮೆಲ್ಲಗೆ ಎತ್ತಿಕೊಟ್ಟೆ. "ಹಿತ್ತಲದಾಗಿನ ಹೀರಿಕಾಯಿ..."

ಉಡಚವ್ವನ ಮುಖ ಬಿಚ್ಚಿಕೊಂಡಿತು. ಸೆರಗು ಸರಿಮಾಡಿಕೊಂಡು, ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು:

"ಹಿತ್ತಲದಾಗಿನ ಹೀರಿಕಾಯಿ ಹರದು ಬುಟ್ಟ್ಯಾಗ ಇಟ್ಟೆ,
ನರ್ಸಮ್ಮಗೋಳ ಹಟಕ್ಕ ಗುರುಶಿದ್ದಪ್ಪರ ಹೆಸರ ಹೇಳಿಬಿಟ್ಟೆ!"

ಹೆಂಗಸರು ಚಪ್ಪಾಳೆ ತಟ್ಟಿದರು. ಮುಸ್ಕಾನ್ ಕೇಸ್‌ಪೇಪರು ನೋಡಿದಳು, ನನ್ನನ್ನು ನೋಡಿದಳು.

"ಇದರಾಗ ಅರ್ಜುನಪ್ಪ ಅಂತ ಐತಿ."

ಆಗ ಮೂಲೆಯ ಒಂಬತ್ತನೇ ಬೆಡ್ಡಿನಲ್ಲಿ ಚಾದರ ಹೊದ್ದು ಮಲಗಿದ್ದವಳು ತಲೆ ಎತ್ತಿದಳು. ಬಿಳಿಚಿದ ಮುಖ, ಬಿಳಿಚಿದ ತುಟಿ. "ಆ ಹೆಸರಿನವರು ನಮ್ಮ ಮನಿಯವರ್ರಿ," ಎಂದಳು.

"ನಿಮ್ಮ ಹೆಸರು?" ಸಿಸ್ಟರ್ ಕೇಳಿದರು.

"ನಾನೂ ಉಡಚವ್ವನರಿ. ನಿನ್ನೆ ಸಂಜಿಮುಂದ ಫ್ಯಾನಿನ ಕೆಳಗ ಭಾಳ ಥಂಡಿ ಆತ್ರಿ. ಈಕಿ, ನನಗ ಶಕಿ ಆಕ್ಕೈತಿ ಅಂದ್ಲು. ಅದಕ್ಕ ಜಾಗಾ ಬದಲಿ ಮಾಡಿಕೊಂಡ್ವಿ. ಬಸ್ಸಿನ್ಯಾಗ ಮಾಡೂದಿಲ್ಲೇನ್ರಿ?"

ರಜನಿ ಸಿಸ್ಟರ್ ಹಣೆ ಹಣೆ ಬಡಿದುಕೊಂಡರು. ಇಬ್ಬರೂ ರವಿವಾರ ಸೇರಿದವರು. ರಕ್ತ ಕಡಿಮೆಯಾಗಿ ಬಂದವಳು ಅರ್ಜುನಪ್ಪನ ಉಡಚವ್ವ. ಮೈಯಲ್ಲಿ ರಕ್ತವಿಲ್ಲದವಳಿಗೆ ಚಳಿಯಾಗದೆ ಇನ್ನೇನು? ಹೊಟ್ಟೆನೋವಿಗೆ ಬಂದವಳು ಗುರುಶಿದ್ದಪ್ಪನ ಉಡಚವ್ವ. ನನ್ನೆದುರಿಗೆ ಕೂತವಳ ಉಗುರು ಗುಲಾಬಿ ಬಣ್ಣಕ್ಕಿದ್ದವು. ಅದನ್ನಾದರೂ ಮುಂಜಾನೆ ನೋಡಬಾರದಿತ್ತೆ ನಾನು!

"ಸದ್ಯ, ಏರಿಸಿರಲಿಲ್ಲ." ಸಿಸ್ಟರ್ ಉಸಿರು ಬಿಟ್ಟರು. "ಛಲೋ ಮಾಡಿದಿ ಮಾಯಾ. ಹಟ ಹಿಡದು ಕೇಳಿದ್ದಕ್ಕ ಉಳದ್ವಿ. ಮುಸ್ಕಾನ್, ಲಗೂ ಒಂಬತ್ತಕ್ಕ ಒಯ್ಯಿ. ಇನ್ನ ಹನ್ನೊಂದ ನಿಮಿಷ ಐತಿ."

ಆರು ತಿಂಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಮುಸ್ಕಾನ್ ಆಗಲೇ ಅತ್ತ ಹೆಜ್ಜೆ ಹಾಕಿದ್ದಳು. ಎಲ್ಲರ ಪಾಲಿಗೂ ಲೆಕ್ಕ ಸರಿಹೋಗಿತ್ತು: ಅರ್ಜುನಪ್ಪನ ಉಡಚವ್ವನ ರಕ್ತ ಅರ್ಜುನಪ್ಪನ ಉಡಚವ್ವನಿಗೆ. ಚೀಲದ ಮೇಲಿನ ಹೆಸರೂ ಅದೇ, ಪೇಪರಿನ ಹೆಸರೂ ಅದೇ. ಆ ಚೀಲವನ್ನು ಹೊಂದಿಸಿದ್ದು ಯಾರ ರಕ್ತಕ್ಕೆ ಎನ್ನುವುದು ಮಾತ್ರ ಇಡೀ ಆಸ್ಪತ್ರೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮುಂಜಾನೆ ಹೊತ್ತಿಗಾಗಲೇ ಇವರು ಜಾಗ ಬದಲಿಸಿಯಾಗಿತ್ತು. ನಾನು ಸೂಜಿ ಚುಚ್ಚಿದ್ದು ಗುರುಶಿದ್ದಪ್ಪನ ಹೆಂಡತಿಗೆ.

"ಮುಸ್ಕಾನ್, ನಿಂದ್ರು! ಸಿಸ್ಟರ್, ಆ ರಕ್ತ ಯಾರಿಗೂ ಏರಿಸಬ್ಯಾಡ್ರಿ."

"ಈಗೇನಾತು ಮತ್ತ?"

"ಮುಂಜಾನೆ ಸ್ಯಾಂಪಲ್ ತಗದದ್ದು ಇವರದ್ರಿ, ಅವರದಲ್ಲ. ಹೆಸರ ಅವರು ಹೇಳಿರಲಿಲ್ಲ. ನಾನ ಹೇಳಿದ್ದೆ. ಇವರು ತಲಿ ಅಲ್ಲಾಡಿಸಿದ್ರು."

ಸಿಸ್ಟರ್ ಪೂರ್ತಿ ನನ್ನ ಕಡೆ ತಿರುಗಿದರು.

"ಹೌದಂತ ಅಲ್ಲಾಡಿಸಿದ್ರೋ, ಅಲ್ಲಂತ ಅಲ್ಲಾಡಿಸಿದ್ರೋ?"

"ನೋಡಲಿಲ್ರಿ."

"ಅಲ್ಲಂತನ ಅಲ್ಲಾಡಿಸಿದ್ನೆವಾ," ಗುರುಶಿದ್ದಪ್ಪನ ಉಡಚವ್ವ ನಡುವೆ ಬಾಯಿ ಹಾಕಿದಳು. "ಹೇಳೂದರಾಗ ಈ ಹುಡುಗಿ ಸೂಜಿ ಚುಚ್ಚಿಬಿಟ್ಲು. ಡಾಕ್ಟರು ಬರದಿರಬೇಕು ಅಂತ ನಾನೂ ಸುಮ್ಮನಾದೆ."

ಸಿಸ್ಟರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚೀಲವನ್ನು ತಾವೇ ಕೈಗೆ ತೆಗೆದುಕೊಂಡು, ಬ್ಲಡ್ ಬ್ಯಾಂಕಿಗೆ ಫೋನು ಹಚ್ಚಿ ನಡೆದದ್ದನ್ನು ಹೇಳಿ, ಹೊಸ ನಳಿಕೆಯೊಂದನ್ನು ನನ್ನೆದುರು ಹಿಡಿದರು.

"ಹೋಗು. ಸರಿಯಾಗಿ ಕೇಳು. ನಾ ಇಲ್ಲೇ ನಿಂದರತೇನಿ."

ಒಂಬತ್ತನೇ ಬೆಡ್ಡಿನ ಉಡಚವ್ವನಿಗೆ ಮಾತಾಡಲೂ ತ್ರಾಣವಿರಲಿಲ್ಲ, ಆದರೆ ಒಡಪು ಬಿಡಲು ಅವಳೂ ತಯಾರಿರಲಿಲ್ಲ. "ಸಣ್ಣದೊಂದು ಹೇಳಲೇನವಾ?"

"ಎಷ್ಟ ಉದ್ದ ಇದ್ರೂ ಇರ್ಲಿ ಯವ್ವಾ. ಹೇಳ್ರಿ."

"ಬಿಳಿಜ್ವಾಳದ ರೊಟ್ಟಿಗಿ ಬೆಣ್ಣಿ ಹಚ್ಚತೇನಿ..." ಉಸಿರು ತೆಗೆದುಕೊಂಡಳು. ನಾನು ಕಾದೆ. ನನ್ನ ಹಿಂದೆ ಸಿಸ್ಟರೂ ಕಾದರು, ಗಡಿಯಾರ ನೋಡಲಿಲ್ಲ. "ಅರ್ಜುನಪ್ಪರ ಮನಿಗಿ ಹೋಗಿ ಹೊಟ್ಟಿತುಂಬ ಉಣತೇನಿ."

ಮಧ್ಯಾಹ್ನ ಬ್ಲಡ್ ಬ್ಯಾಂಕಿನಿಂದ ಫೋನು ಬಂತು. ಮುಂಜಾನೆಯ ಸ್ಯಾಂಪಲ್ಲು ಎ ಗುಂಪು, ಒಂಬತ್ತನೇ ಬೆಡ್ಡಿನ ಹೊಸ ಸ್ಯಾಂಪಲ್ಲು ಬಿ. ಮೊದಲಿನ ಚೀಲ ಏರಿದ್ದರೆ ಅವಳ ಜೀವಕ್ಕೇ ಕುತ್ತು ಬರುತ್ತಿತ್ತು. ಸಿಸ್ಟರ್ ತಪ್ಪಿನ ವರದಿಯ ಫಾರ್ಮು ನನ್ನ ಮುಂದೆ ಸರಿಸಿದರು.

"ನಿನ್ನ ಕೈಲೆ ಬರಿ. ತಲಿ ಅಲ್ಲಾಡಿಸಿದ್ದೂ ಬರಿ. ಶನಿವಾರ ನಾ ಸಹಿ ಮಾಡೂದಿಲ್ಲ. ಮತ್ತ ಮೂರ ತಿಂಗಳ ನೋಡೂಣು."

"ಹೂಂ ರಿ."

"ಅಳೂದು ಆಮ್ಯಾಲ. ಹೇಳದ ಸುಮ್ಮನಿದ್ದಿ ಅಂದ್ರ ಮೂರ ತಿಂಗಳ ಸೈತ ಕೊಡತಿದ್ದಿಲ್ಲ. ಮೊದಲ ಆ ಇಬ್ಬರನ್ನೂ ಅವರವರ ಬೆಡ್ಡಿಗಿ ಕಳಸು."

ಇಬ್ಬರೂ ಹೋಗಲು ಒಪ್ಪಲಿಲ್ಲ. ಒಬ್ಬಳಿಗೆ ಚಳಿ, ಇನ್ನೊಬ್ಬಳಿಗೆ ಸೆಕೆ. ಕೊನೆಗೆ ನಾನೇ ಸೋತು, ಪೇಪರುಗಳಲ್ಲಿ ಬೆಡ್ಡಿನ ನಂಬರು ತಿದ್ದಿ ಸಿಸ್ಟರಿಗೆ ತೋರಿಸಿ ಬಂದೆ. ಆಮೇಲೆ ಎರಡು ಹೊಸ ಪಟ್ಟಿ ಬರೆದೆ. ಗುರುಶಿದ್ದಪ್ಪನ ಉಡಚವ್ವನ ಹಸಿರು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ ಕಟ್ಟತೊಡಗಿದೆ.

"ಬಿಗಿ ಆತ ತಂಗಿ. ಮಂಚಕ್ಕ ಕಟ್ಟಬಾರದೇನು?"

"ಇಲ್ಲರಿ," ಎಂದು ಪಟ್ಟಿಯ ಗುಂಡಿ ಒತ್ತಿದೆ. "ಈಗ ನಿಮ್ಮ ಹೆಸರ ಹೇಳ್ರಿ. ಆಮ್ಯಾಲ ಮನಿಯವರದು."

"ಮತ್ತೊಮ್ಮೆನಾ!" ಎಂದು ಅವಳು ಸೆರಗು ಬಾಯಿಗೆ ಹಿಡಿದಳು. ನಾನು ಸ್ಟೂಲು ಎಳೆದುಕೊಂಡೆ.