ತವೀಯ ಎಂಜಿನ್ನಿನ ಸದ್ದು

ಶನಿವಾರ ಬೆಳಿಗ್ಗೆ ಉಬೋನ್ ನಾಲ್ವರು ಅತಿಥಿಗಳಿಗೆ ಗಂಜಿ ಬಡಿಸಿದಳು. ಮೇಲೆ ಹುರಿದ ಬೆಳ್ಳುಳ್ಳಿ, ಸಣ್ಣ ಸಿಗಡಿ. ಏಡಿ ಇರಲಿಲ್ಲ.

"ಅಕ್ಕಾ, ಏಡಿ ಯಾವಾಗ?" ಎಂದು ಕೇಳಿದವಳು ಪಿಮ್. ಬ್ಯಾಂಕಾಕಿನ ಒಂದೇ ಕಚೇರಿಯಿಂದ ಎರಡು ರಾತ್ರಿ ಇರಲೆಂದು ಬಂದ ಆ ನಾಲ್ವರಲ್ಲಿ ಬಾಯಿ ಜೋರಿದ್ದವಳು ಅವಳೇ. "ಫೋನಲ್ಲಿ ಹೊಟ್ಟೆ ಬಿರಿಯೋಷ್ಟು ಏಡಿ ಅಂದಿದ್ರಿ. ಇಲ್ಲಾಂದ್ರೆ ಈ ಫ್ಯಾನ್ ಕೆಳಗೆ ಚಾಪೆ ಮೇಲೆ ಮಲಗೋಕೆ ಇಷ್ಟು ದೂರ ಬರ್ತಿದ್ವಾ?"

"ಫ್ಯಾನಿಗೆ ಯಾಕೆ ಬೈತೀಯಾ? ರಾತ್ರಿಯೆಲ್ಲಾ ನಿನ್ನ ಗೊರಕೆಗೆ ಅದೇ ತಾಳ ಹಾಕಿದ್ದು," ಎಂದ ಜೊತೆಯ ದಪ್ಪ ಯುವಕ ನಟ್.

"ಬರುತ್ತೆ. ನಮ್ಮನೆಯವರು ಬಲೆ ಎತ್ತೋಕೆ ಹೋಗಿದಾರೆ," ಎಂದಳು ಉಬೋನ್.

ಅದು ಸುಳ್ಳಲ್ಲ. ತವೀ ಬಲೆ ಎತ್ತಲೆಂದೇ ಹೋಗಿದ್ದ. ಆದರೆ ಹೋದದ್ದು ಶುಕ್ರವಾರ ನಸುಕಿನಲ್ಲಿ. ಹತ್ತು ಗಂಟೆಯೊಳಗೆ ಮರಳಬೇಕಿತ್ತು. ಮಧ್ಯಾಹ್ನ ಬಡಗಣ ಗಾಳಿ ಎದ್ದು ಸಮುದ್ರ ಬೆಳ್ಳಗೆ ನೊರೆಗಟ್ಟಿತು. ಸಂಜೆ ಅತಿಥಿಗಳು ವ್ಯಾನಿನಿಂದ ಇಳಿದಾಗ ಉಬೋನ್ ಕೈಮುಗಿದು ನಕ್ಕಳು, ಚಾಪೆ ಹಾಸಿದಳು, ಸೊಳ್ಳೆಪರದೆ ಕಟ್ಟಿದಳು. ಶುಕ್ರವಾರ ತವೀ ಮನೆಯಿಂದ ಇಳಿಯುವಾಗಲೇ, ಗಾಳಿಯ ಲಕ್ಷಣವಿದೆ, ಇವತ್ತು ಬೇಡ ಎಂದು ಅವನಿಗೆ ಹೇಳಬಹುದಿತ್ತು. ಹೇಳಿದ್ದು ಬೇರೆ. "ಮೂರು ಕಿಲೋ ಆದ್ರೂ ಬೇಕು. ಬರಿಗೈಲಿ ಬರಬೇಡ."

ಹಿನ್‌ದಾಮ್ ಊರಿನಲ್ಲಿ ಕಡಲಿಗೆ ಹೋದವನು ಬಾರದಿದ್ದರೆ ಮನೆಯವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ತಡವಾಗಿದೆ ಎನ್ನುತ್ತಾರೆ, ಅಷ್ಟೇ. ಅವನು ಬಿಚ್ಚಿಟ್ಟ ಅಂಗಿಯನ್ನು ಒಗೆಯುವುದಿಲ್ಲ, ಮನೆ ಗುಡಿಸುವುದಿಲ್ಲ. ಗಂಜಿ ಕುಡಿದೆದ್ದ ಪಿಮ್ ಕಾಲಿಗೆ ಮರಳು ತಾಗುತ್ತಿದೆಯೆಂದು ಪೊರಕೆ ಎತ್ತಿಕೊಂಡಳು. ಮೂಲೆಯಲ್ಲಿ ಕುಳಿತಿದ್ದ ಉಬೋನಳ ಅತ್ತೆ ಸಂಗುವಾನ್ ಧಡಕ್ಕನೆ ಎದ್ದು ಅದನ್ನು ಕಿತ್ತುಕೊಂಡಳು.

"ಇಡು ಕೆಳಗೆ!"

"ಸಹಾಯ ಮಾಡೋಣ ಅಂತ, ಅಜ್ಜಿ..."

"ದುಡ್ಡು ಕೊಟ್ಟು ಬಂದಿದೀಯಾ, ಸುಮ್ನೆ ಕೂತ್ಕೋ. ನಿಮ್ಮನೇಲಿ ಗುಡಿಸು ಹೋಗು."

ಪಿಮ್ ಮುಖ ಕೆಂಪಾಯಿತು. ಉಬೋನ್ ನಕ್ಕು ಏನೋ ಸಮಜಾಯಿಷಿ ಹೇಳಿದಳು. ನಗುವುದು ಕಷ್ಟವೇನೂ ಆಗಲಿಲ್ಲ. ಕೆನ್ನೆಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

ಬೆಳಕು ಹರಿಯುತ್ತಲೇ ಆರು ದೋಣಿಗಳು ಹುಡುಕಲು ಹೊರಟಿದ್ದವು. ಐದು ಬಡಗಣಕ್ಕೆ, ಇಲಿದ್ವೀಪದ ಕಡೆಗೆ. ತವೀಯ ಎಂಜಿನ್ ಗಟ್ಟಿ. ಗಾಳಿಗೆ ಎದುರಾಗಿ ನಡೆಸಿ ದ್ವೀಪದ ಮರೆಗೆ ಸೇರಿಕೊಂಡಿರುತ್ತಾನೆ ಎಂಬುದು ಎಲ್ಲರ ಲೆಕ್ಕ. ತೆಂಕಣಕ್ಕೆ ಹೋದವನು ಊರೆಲ್ಲ ಮಾವ ಎಂದು ಕರೆಯುವ ಮುದುಕ ಪ್ಲೆಂಗ್ ಒಬ್ಬನೇ. ಹಠ ಹಿಡಿದು ಹೋಗಿದ್ದ.

ಒಂಬತ್ತು ಗಂಟೆಗೆ ಉಬೋನ್ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆಗ ಕೇಳಿಸಿತು.

ಹಿನ್‌ದಾಮಿನ ಹೆಂಗಸರಿಗೆ ಎಂಜಿನ್ನಿನ ಗುರುತು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಎಲ್ಲವೂ ಹಳೆಯ ಲಾರಿ, ಪಿಕಪ್ಪುಗಳಿಂದ ಬಿಚ್ಚಿ ತಂದು ದೋಣಿಗೆ ಕೂರಿಸಿದವು; ಒಂದರ ದನಿ ಇನ್ನೊಂದಕ್ಕಿಲ್ಲ. ಗಂಡನ ಎಂಜಿನ್ ಕೇಳಿಸಿದೊಡನೆ ಬಾಣಲೆ ಒಲೆಗೇರುತ್ತದೆ. ಅವನು ದೋಣಿ ಕಟ್ಟಿ ಮೆಟ್ಟಿಲು ಹತ್ತುವಷ್ಟರಲ್ಲಿ ಅನ್ನ ಮುಂದಿರುತ್ತದೆ. ತವೀಯದು ಒಂದೇ ಸಮ ಗುಡುಗಿ ನಡುವೆ ಒಮ್ಮೆ ಕೆಮ್ಮುತ್ತಿತ್ತು. ಹದಿನಾಲ್ಕು ವರ್ಷ ಆ ಕೆಮ್ಮಿಗೆ ಅವಳು ಒಲೆ ಹೊತ್ತಿಸಿದ್ದಳು. ಈಗ ಬಡಗಣದಿಂದ, ಗಾಳಿಯ ಜೊತೆಗೆ, ಅದೇ ಗುಡುಗು, ಅದೇ ಕೆಮ್ಮು.

ಕೈಯ ಸೋಪುನೊರೆಯಲ್ಲೇ ಅವಳು ಓಡಿದಳು. "ಬಂದ್ರು! ತವೀ ಬಂದ್ರು!"

ದೋಣಿ ಕಟ್ಟುವ ದಕ್ಕೆಯ ಮೇಲೆ ವೈರ್‌ಲೆಸ್ ಹಿಡಿದು ನಿಂತಿದ್ದ ಊರ ಯಜಮಾನ ಸೊಮ್ನೆಕ್ ತಿರುಗಿದ. ದೋಣಿ ಇನ್ನೂ ಬಂಡೆಯ ಆಚೆಗಿತ್ತು, ಕಾಣುತ್ತಿರಲಿಲ್ಲ.

"ಸರಿಯಾಗಿ ಕೇಳಿಸ್ಕೊಂಡ್ಯಾ?"

"ನನ್ನ ಗಂಡನ ಎಂಜಿನ್ನು ನನಗೆ ಗೊತ್ತಾಗಲ್ವಾ, ಯಜಮಾನ್ರೇ?"

ಅವನೂ ಕಿವಿಗೊಟ್ಟ. ಹೌದೆಂದು ತಲೆ ಆಡಿಸಿದ. ಗಾಳಿ ಏರುತ್ತಿತ್ತು, ಇಳಿತ ಶುರುವಾಗಿತ್ತು. ಇನ್ನು ಅರ್ಧ ಗಂಟೆ ಕಳೆದರೆ ಅಳಿವೆಯ ಮರಳದಿಬ್ಬ ಮೇಲೇಳುತ್ತದೆ, ಹೊರಗಿದ್ದವರು ಸಂಜೆಯವರೆಗೂ ಹೊರಗೇ. ಅವನು ವೈರ್‌ಲೆಸ್ ಬಾಯಿಗೆ ಹಿಡಿದ. "ಸಿಕ್ಕಿದಾನೆ. ಎಲ್ಲಾರೂ ವಾಪಸ್ ಬನ್ನಿ. ಬೇಗ, ನೀರಿಳೀತಿದೆ."

ವಿಷಯವೇನೆಂದು ಅತಿಥಿಗಳಿಗೆ ತಿಳಿದದ್ದು ಆಗಲೇ. ಪಿಮ್ ಉಬೋನಳ ಭುಜ ಹಿಡಿದು ಅತ್ತೇಬಿಟ್ಟಳು. "ಹೇಳಬಾರದಿತ್ತಾ ಅಕ್ಕಾ? ನಾನು ಏಡಿ ಏಡಿ ಅಂತ..."

ದೋಣಿ ಬಂಡೆ ದಾಟಿ ಬಂತು. ಅದು ಹಸಿರು ದೋಣಿ. ತವೀಯದು ನೀಲಿ.

ಹಸಿರು ದೋಣಿಯ ಹಿಂಬದಿಯಲ್ಲಿ ನಿಂತಿದ್ದವನು ತವೀಯ ಚಿಕ್ಕಪ್ಪನ ಮಗ ವಿರಾತ್. ಗುರುವಾರದಿಂದ ಬಡಗಣದ ದೂರದ ದಿಬ್ಬಗಳಲ್ಲಿ ಬೊಂಡಾಸ್ ಮೀನು ಹಿಡಿಯುತ್ತಿದ್ದವನು, ಗಾಳಿಗೆ ಹೆದರಿ ಮರಳಿದ್ದ. ದಕ್ಕೆಯ ತುಂಬ ಜನ ನೋಡಿ ಹಲ್ಲು ಕಿರಿದ.

"ಏನಪ್ಪಾ, ನನಗೆ ಇಷ್ಟೊಂದು ಮರ್ಯಾದೆ?"

ಉಬೋನ್ ಅವನ ದೋಣಿಯ ಎಂಜಿನ್ನನ್ನೇ ನೋಡುತ್ತಿದ್ದಳು. ಅದರ ಮುಚ್ಚಳಕ್ಕೆ ಸುತ್ತಿದ್ದ ತಂತಿ ಅವಳೇ ಸುತ್ತಿದ್ದು.

"ಇದು ನಿನ್ನ ಹತ್ರ ಹೇಗೆ ಬಂತು?"

"ತವೀ ಅಣ್ಣ ಕೊಟ್ಟಿದ್ದು, ಅತ್ತಿಗೆ. ಬುಧವಾರ ಬದಲಾಯಿಸಿಕೊಂಡ್ವಿ. ನಾನು ದೂರ ಹೋಗೋದಲ್ವಾ, ಅವನು ಇಲ್ಲೇ ಹತ್ರ. ನನ್ನ ಹಳೇದು ಅವನ ದೋಣಿಗೆ ಕೂರಿಸಿದ್ವಿ." ಅವನು ದನಿ ತಗ್ಗಿಸಿದ. "ನಿಮಗೆ ಹೇಳಬೇಡ ಅಂದ. ಹೋದ ಸಲ ನಾನು ಫ್ಯಾನ್‌ಬೆಲ್ಟ್ ಹಾಳು ಮಾಡಿದ್ದಕ್ಕೆ ನೀವು ಒಂದು ವಾರ ಬೈದಿದ್ರಲ್ಲ, ಅದಕ್ಕೆ."

ಬುಧವಾರ ಅವಳು ಅತಿಥಿಗಳ ಚಾಪೆ ಒಗೆಯುತ್ತಿದ್ದಳು. ಪಕ್ಕದೂರಿನ ನಾಲ್ವರು ಕೂಲಿಯವರು ಕೋಲಿಗೆ ಎಂಜಿನ್ ತೂಗುಹಾಕಿಕೊಂಡು ಸಾಗಿದ್ದನ್ನು ಕಂಡಿದ್ದಳು. ಯಾರದೆಂದು ಕೇಳಿರಲಿಲ್ಲ. ಗುರುವಾರ ತವೀ ಕಡಲಿಗೆ ಇಳಿದಿರಲಿಲ್ಲ. ಶುಕ್ರವಾರ ನಸುಕಿನಲ್ಲಿ ಪಿಮ್ ಫೋನ್ ಮಾಡಿ ಕಕ್ಕಸು ಒಳಗಿದೆಯೋ ಹೊರಗಿದೆಯೋ ಎಂದು ವಿಚಾರಿಸುತ್ತಿದ್ದಳು. ಗಂಡನ ದೋಣಿ ಹೊರಟ ಸದ್ದು ಉಬೋನಳ ಕಿವಿಗೆ ಬಿದ್ದಿರಲಿಲ್ಲ.

ಸೊಮ್ನೆಕ್ ವೈರ್‌ಲೆಸ್ಸಿನಲ್ಲಿ ಕೂಗತೊಡಗಿದ. "ಬರಬೇಡಿ! ತಿರುಗಿ!" ಅಷ್ಟರಲ್ಲಿ ಹತ್ತಿರದಲ್ಲಿದ್ದ ಮೂವರು ಅಳಿವೆಯೊಳಗೆ ಬಂದಾಗಿತ್ತು. ಉಳಿದವರಿಗೂ ಮರಳದಿಬ್ಬದ ಭಯ. ಒಬ್ಬರ ಹಿಂದೊಬ್ಬರು ನುಗ್ಗಿದರು. ಕಡೆಗೆ ಬಂದವನು ಪ್ಲೆಂಗ್ ಮಾವ. ವಿಷಯ ಕೇಳಿ ಅವನು ದೋಣಿಯ ಅಂಚು ಹಿಡಿದು ಕುಳಿತುಬಿಟ್ಟ.

"ನಾನೊಂದು ಚುಕ್ಕಿ ನೋಡಿದ್ದೆ," ಎಂದ. "ತೆಂಕಣದಲ್ಲಿ. ಬಲೆ ಗುರುತಿಗೆ ನೆಟ್ಟ ಬಾವುಟವೋ ದೋಣಿಯೋ ಅಂತ ಅದರ ಕಡೆಗೇ ಹೋಗ್ತಿದ್ದೆ. ಸಿಕ್ಕಿದಾನೆ ಅಂದ್ರಿ. ಬಾವುಟವೇ ಇರಬೇಕು ಅಂತ ತಿರುಗಿಸಿದೆ."

ವಿರಾತನ ಹಳೆಯ ಎಂಜಿನ್ ಎಂದರೆ ಊರಿಗೆಲ್ಲ ಗೊತ್ತು. ಅರ್ಧ ದಾರಿಯಲ್ಲಿ ಕೈಕೊಡುವಂಥದು. ನಿಂತುಹೋದರೆ ದೋಣಿ ಗಾಳಿಯ ಪಾಲು. ಬಡಗಣ ಗಾಳಿ ತೆಂಕಣಕ್ಕೇ ಒಯ್ಯುತ್ತದೆ.

"ಹೋಗೋಣ," ಎಂದಳು ಉಬೋನ್.

"ಹೇಗೆ ಹೋಗ್ತೀಯಾ ಮಗಳೇ?" ಎಂದ ಸೊಮ್ನೆಕ್. "ಅಳಿವೆ ನೋಡು. ಮೊಣಕಾಲುದ್ದ ನೀರಿಲ್ಲ. ನಾಲ್ಕು ಗಂಟೆಗೆ ನೀರೇರುತ್ತೆ, ಆಗ..."

"ಎಳಕೊಂಡು ಹೋಗೋಣ. ವಿರಾತನ ದೋಣಿ ಸಣ್ಣದು. ಮರಳ ಮೇಲೆ ಎಳೆಯೋಣ." ಅವಳು ಇಳಿದು ದೋಣಿಯ ಪಕ್ಕಕ್ಕೆ ಹೆಗಲು ಕೊಟ್ಟಾಗಿತ್ತು. "ಯಾರೂ ಬರದಿದ್ರೆ ಬಿಡಿ. ನಾನೇ ಕಳಕೊಂಡದ್ದು, ನಾನೇ ಎಳೀತೀನಿ."

ಮೊದಲು ನೀರಿಗಿಳಿದವನು ನಟ್. ಒಳ್ಳೆಯ ಪ್ಯಾಂಟನ್ನು ಮಡಿಸಲೂ ಇಲ್ಲ. ಆಮೇಲೆ ಪಿಮ್, ಆಮೇಲೆ ಊರವರು. ಸಂಗುವಾನ್ ದಡದಲ್ಲಿ ನಿಂತು ಬೈದೂ ಬೈದೂ ಹುರುಪು ತುಂಬುತ್ತಿದ್ದಳು. "ಆ ದಪ್ಪನೋನು ಹಿಂದೆ ಹೋಗ್ಲಿ! ತಿಂದಿದ್ದು ದಂಡವಾ? ನೂಕೋ!" ದೋಣಿಯ ಹೊಟ್ಟೆ ಮರಳಿಗೆ ಉಜ್ಜಿ ಕರಕರ ಅಂದಿತು. ಇಪ್ಪತ್ತೈದು ಮಾರು. ಒಮ್ಮೆ ಅಲೆ ಹೊಡೆದು ದೋಣಿ ಅಡ್ಡ ತಿರುಗಿ ಇಬ್ಬರು ಕೆಳಗೆ ಬಿದ್ದರು. ಮತ್ತೆ ನೇರ ಮಾಡಿದರು. ಆಚೆಯ ನೀರು ಸಿಕ್ಕಿದಾಗ ವಿರಾತ್, ಪ್ಲೆಂಗ್ ಹತ್ತಿಕೊಂಡರು. ಉಬೋನ್ ಹತ್ತಿದ್ದು ಹಿಂದಿನಿಂದ. ದೋಣಿಯ ಮುಂತುದಿಯಾದ ಅಣಿಯದ ಹತ್ತಿರ, ದೋಣಿ ಕಾಯುವ ದೇವತೆ ದೋಣಿತಾಯಿಗೆ ಕಟ್ಟಿದ ಬಣ್ಣದ ಬಟ್ಟೆಗಳಿದ್ದವು, ಅಲ್ಲಿ ಹೆಂಗಸು ಕಾಲಿಡುವಂತಿಲ್ಲ.

ನೀಲಿ ದೋಣಿ ಮಧ್ಯಾಹ್ನಕ್ಕೆ ಸಿಕ್ಕಿತು. ಚುಕ್ಕಿ ಕಂಡ ಜಾಗದಿಂದ ಎಷ್ಟೋ ತೆಂಕಣಕ್ಕೆ ಹೋಗಿತ್ತು. ಅಲೆಗಳ ನಡುವೆ ಖಾಲಿಯಾಗಿ ತೊನೆದಾಡುತ್ತಿತ್ತು.

ವಿರಾತ್ ಬಾಯಿಗೆ ಕೈ ಹಿಡಿದ. ಉಬೋನ್ ಆ ದೋಣಿಗೆ ದಾಟಿದಳು. ತಳದಲ್ಲಿ ಒಂದು ಬುಟ್ಟಿ ಏಡಿ, ಕೆಲವು ಇನ್ನೂ ಕೊಂಡಿ ಆಡಿಸುತ್ತಿದ್ದವು. ಬಿಚ್ಚಿಟ್ಟ ಅಂಗಿ. ಅವಳು ಬಗ್ಗಿ ತಳದ ನೀರಿಗೆ ಕೈಯಿಟ್ಟು ಅಳೆದಳು. ಒಂದು ಗೇಣೂ ಇರಲಿಲ್ಲ.

"ಮಾವಾ, ನೀರು ನೋಡಿ," ಎಂದಳು. "ಇಡೀ ರಾತ್ರಿ ಅಲೆ ಹೊಡೆದ ದೋಣಿ. ತುಂಬಿಹೋಗಬೇಕಿತ್ತು. ಬೆಳಿಗ್ಗೆವರೆಗೂ ಯಾರೋ ಗೋರಿ ಗೋರಿ ಚೆಲ್ಲಿದಾರೆ."

ಪ್ಲೆಂಗ್ ದೋಣಿಯ ಮೂಲೆಗಳನ್ನು ನೋಡಿದ. "ನೀರಿನ ಕ್ಯಾನ್ ಇಲ್ಲ. ದೊಡ್ಡದು, ಬಿಳೀದು." ಅವನು ಆಮೇಲೆ ಉಬೋನಳ ಮುಖ ನೋಡಲಿಲ್ಲ. "ನನ್ನ ದೋಣಿ ಕಂಡಿರ್ತಾನೆ. ಬರ್ತಿದೆ ಅಂದ್ಕೊಂಡಿರ್ತಾನೆ. ತಿರುಗಿಸಿದ್ದು ನೋಡಿ, ಕ್ಯಾನ್ ತಬ್ಕೊಂಡು..."

ಹಾರಿದ್ದಾನೆ. ಪ್ಲೆಂಗನ ದೋಣಿಯ ಹಿಂದೆ ಈಜಿದ್ದಾನೆ. ಖಾಲಿ ದೋಣಿಯನ್ನು ಗಾಳಿ ಬೇಗ ಒಯ್ಯುತ್ತದೆ, ಮನುಷ್ಯನನ್ನು ಅಷ್ಟು ಬೇಗ ಒಯ್ಯುವುದಿಲ್ಲ.

ಅವರು ಗಾಳಿಗೆ ಎದುರಾಗಿ ಹೊರಟರು. ಪ್ಲೆಂಗ್ ದೋಣಿ ತಿರುಗಿಸಿದ ಜಾಗಕ್ಕೂ ಖಾಲಿ ದೋಣಿಗೂ ನಡುವೆ ಅಡ್ಡಡ್ಡ, ಹೊಲ ಉತ್ತ ಹಾಗೆ. ಪ್ರತಿ ಸಾಲಿನ ಕೊನೆಗೆ ವಿರಾತ್ ಎಂಜಿನ್ ನಿಲ್ಲಿಸುತ್ತಿದ್ದ. ಮೂವರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಏನೂ ಇಲ್ಲ. ಮತ್ತೆ ಶುರು. ಏಳನೆಯ ಸಾಲಿನಲ್ಲಿ ವಿರಾತ್ ಅತ್ತ. ಎಂಟನೆಯದರಲ್ಲಿ ಪ್ಲೆಂಗ್ ಡೀಸೆಲ್ ಡಬ್ಬಿ ಅಲುಗಿಸಿ ನೋಡಿ, ತಳದಲ್ಲುಳಿದದ್ದನ್ನು ಎಂಜಿನ್ನಿಗೆ ಸುರಿದ. ಉಬೋನಳ ಕಣ್ಣಿಗೆ ಪ್ರತಿ ನೊರೆಯೂ ಬಿಳಿ ಕ್ಯಾನಾಗಿ ಕಂಡು, ಮತ್ತೆ ನೊರೆಯಾಗುತ್ತಿತ್ತು.

ಒಂಬತ್ತನೆಯ ಸಾಲಿನಲ್ಲಿ ಒಂದು ನೊರೆ ಕರಗಲಿಲ್ಲ.

ತವೀಯ ಬೆರಳುಗಳನ್ನು ಕ್ಯಾನಿನ ಹಿಡಿಯಿಂದ ಒಂದೊಂದಾಗಿ ಬಿಡಿಸಬೇಕಾಯಿತು. ತುಟಿ ಒಡೆದಿತ್ತು, ಕಣ್ಣು ಊದಿತ್ತು. ದೋಣಿಯೊಳಗೆ ಎಳೆದುಕೊಂಡಾಗ ಉಪ್ಪುನೀರು ಕಾರಿದ. ಆಮೇಲೆ ಕೇಳಿದ.

"ಬಂದವರು ಯಾಕೆ ವಾಪಸ್ ಹೋದ್ರಿ?"

ಪ್ಲೆಂಗ್ ಕಡಲ ಕಡೆ ನೋಡಿದ. ವಿರಾತ್ ಎಂಜಿನ್ನಿನ ಮೇಲೆ ಬಗ್ಗಿದ. ಇಬ್ಬರೂ ಯಾವ ಸುಳ್ಳಿಗಾದರೂ ತಯಾರಿದ್ದರು. ಅದು ಅವಳಿಗೆ ಕಾಣುತ್ತಿತ್ತು.

"ನಾನು ಕರೆಸಿದೆ," ಎಂದಳು ಉಬೋನ್. "ನೀನು ಬಂದೆ ಅಂದೆ."

ತವೀ ಅವಳನ್ನೇ ದಿಟ್ಟಿಸಿದ. ಆಮೇಲೆ ಅವನ ಬೆನ್ನ ಹಿಂದೆ, ಅವನೇ ವಿರಾತನಿಗೆ ಕೊಟ್ಟಿದ್ದ ಎಂಜಿನ್ ಗುಡುಗಿ, ಕೆಮ್ಮಿ, ಮತ್ತೆ ಗುಡುಗಿತು. ಅವನ ಮುಖದಲ್ಲಿ ಏನೋ ಕುಸಿಯಿತು. ಅವನು ಬೈಯಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ. ಅವಳ ಕೈಯನ್ನು ಮಾತ್ರ, ಕ್ಯಾನ್ ಹಿಡಿದಷ್ಟೇ ಗಟ್ಟಿಯಾಗಿ, ನೋಯುವ ಹಾಗೆ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.